ಸ್ಯಾಂಪಲ್ ಚೀಲದಲ್ಲಿ ಹೋದದ್ದು

ಫೆಬ್ರವರಿ ೧೨, ಸೋಮವಾರ. ಹಿಂದೂಪುರ

ನಿನ್ನೆ ನರ್ಸಿಂಗ್ ಹೋಮಿನಿಂದ ಮನೆಗೆ ಬಂದೆ. ಗುಂಡಿ ಕಂಡರೆ ನಿಧಾನ ಮಾಡಪ್ಪ ಅಂತ ಅತ್ತೆ ಆಟೋದವನಿಗೆ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು. ಗುಂಡಿಗಳ ನಡುವೆ ರಸ್ತೆ ಹುಡುಕಬೇಕಾದ ಊರಿನಲ್ಲಿ ಅವನಾದರೂ ಏನು ಮಾಡಿಯಾನು! ಒಂದೊಂದು ಕುಲುಕಿಗೂ ಹೊಲಿಗೆ ಬಿಚ್ಚಿಹೋಯಿತು ಅಂದುಕೊಂಡೆ. ಬಿಚ್ಚಿರಲಿಲ್ಲ.

ಹೊತ್ತು ಹೋಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಮಾತೆಲ್ಲ ಕನ್ನಡ, ಬರಹವೆಲ್ಲ ತೆಲುಗು. ಪಾವಗಡದ ಹಾಸ್ಟೆಲಿನಲ್ಲಿದ್ದು ಕನ್ನಡದಲ್ಲಿ ಓದಿದವಳು ನಾನೊಬ್ಬಳೇ. ಹಾಸಿಗೆಯ ಮೇಲೆ ತೆರೆದಿಟ್ಟು ಎದ್ದು ಹೋದರೂ ಯಾರೂ ಓದಲಾರರು. ಎದ್ದು ಹೋಗುವುದೇ ಸದ್ಯಕ್ಕೆ ದೊಡ್ಡ ಮಾತು, ಬಿಡಿ.

ಆದದ್ದನ್ನು ಒಮ್ಮೆ ನೆಟ್ಟಗೆ ಬರೆದುಬಿಡುತ್ತೇನೆ. ಗರ್ಭ ನಿಲ್ಲಬೇಕಾದಲ್ಲಿ ನಿಲ್ಲದೆ ಎಡಗಡೆಯ ಟ್ಯೂಬಿನಲ್ಲಿ ನಿಂತಿತ್ತು. ಅದು ಬೆಳೆದು ಟ್ಯೂಬು ಒಡೆಯಿತು. ಹೊಟ್ಟೆಯೊಳಗೆಲ್ಲ ರಕ್ತ ತುಂಬಿತು. ಹೊಟ್ಟೆ ಕೊಯ್ದು ಟ್ಯೂಬನ್ನು ತೆಗೆದರು, ಬೇರೆಯವರ ರಕ್ತ ಹಾಕಿದರು, ಬದುಕಿಸಿದರು. ಇಷ್ಟೇ ನೋಡಿ, ಬರೆದರೆ ಅರ್ಧ ಪುಟವೂ ಆಗಲಿಲ್ಲ.

ಸಂಜೆ ಪಕ್ಕದ ಮನೆಯ ಕಲ್ಯಾಣಿ ವಿಚಾರಿಸಲು ಬಂದಳು. ನಡುಮನೆಯಲ್ಲಿ ಅತ್ತೆಯ ದನಿ ಕೇಳಿಸಿತು. "ಅಪೆಂಡಿಕ್ಸ್ ಕಣಮ್ಮ. ಒಳ್ಗೊಳ್ಗೇ ಒಡ್ದೋಗಿತ್ತಂತೆ. ದೇವ್ರು ದೊಡ್ಡೋನು, ಉಳ್ಕಂಡ್ಳು."

ನಾನು ಸೂರು ನೋಡುತ್ತ ಮಲಗಿದ್ದೆ. ಕೂಗಿ ಹೇಳಬಹುದಿತ್ತು. ಕೂಗಿದರೆ ಹೊಲಿಗೆ ನೋಯುತ್ತದೆ.

ಫೆಬ್ರವರಿ ೧೪, ಬುಧವಾರ

ಈ ಊರಿನಲ್ಲಿ ಅಪೆಂಡಿಕ್ಸ್ ಆಗದ ಮನೆಯೇ ಇಲ್ಲ ಅಂತ ಕಾಣುತ್ತದೆ. ಬಂದವರೆಲ್ಲ ತಮ್ಮ ಭಾವನ ಅಪೆಂಡಿಕ್ಸ್, ಬೀಗರ ಅಪೆಂಡಿಕ್ಸ್ ಕತೆ ಹೇಳಿ, ಬ್ರೆಡ್ಡು, ಮೂಸಂಬಿ ಇಟ್ಟು ಹೋಗುತ್ತಾರೆ. ಎದುರುಸಾಲಿನ ಕೇಶವಯ್ಯನವರಂತೂ ಅಂಗಿ ಎತ್ತಿ ತಮ್ಮ ಗಾಯದ ಗುರುತನ್ನೇ ತೋರಿಸಿಬಿಟ್ಟರು. "ನಂದೂ ಒಡ್ದಿತ್ತಮ್ಮ. ಆರ್ ತಿಂಗ್ಳು, ಆಮ್ಯಾಕೆ ಮೂಟೆ ಹೊತ್ತೆ!" ಅಂದರು. ನನ್ನ ಗಾಯ ಎಲ್ಲಿದೆ ಅಂತ ಅವರು ಕೇಳಲಿಲ್ಲ, ಸದ್ಯ. ಅಪೆಂಡಿಕ್ಸಿನ ಗಾಯ ಅಷ್ಟು ಕೆಳಗೆ ಅಡ್ಡಲಾಗಿ ಇರುವುದಿಲ್ಲ.

ಟ್ಯೂಬು ಒಡೆದ ದಿನ ಬೆಳಗಿನಿಂದ ನನಗೆ ನೋಯುತ್ತಿದ್ದುದು ಹೊಟ್ಟೆಯಲ್ಲ, ಭುಜ. ರಾತ್ರಿ ವಾರೆಯಾಗಿ ಮಲಗಿದ್ದೀಯ ಅಂತ ಅತ್ತೆ ನೀಲಗಿರಿ ಎಣ್ಣೆ ಹಾಕಿ ತಿಕ್ಕಿದರು. ಹೊಟ್ಟೆಯೊಳಗೆ ರಕ್ತ ಸೇರಿದರೆ ನೋವು ಭುಜಕ್ಕೆ ಏರುತ್ತದಂತೆ, ಡಾಕ್ಟರಮ್ಮ ಆಮೇಲೆ ಹೇಳಿದರು. ಅತ್ತೆಗೇನು ಗೊತ್ತು, ನನಗಾದರೂ ಏನು ಗೊತ್ತು. ಮಧ್ಯಾಹ್ನ ನಮ್ಮ ಅಂಗಡಿಗೆ ಊಟದ ಡಬ್ಬಿ ಕೊಡಲು ಹೋದವಳು ಹುಣಸೆಹಣ್ಣಿನ ಮೂಟೆಗಳ ನಡುವೆ ಬಿದ್ದೆನಂತೆ. ಆಮೇಲಿನದು ನನಗೆ ನೆನಪಿಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಿಕೊಂಡು, ಎರಡು ಗೆರೆ ಕಂಡದ್ದನ್ನು ಯಜಮಾನರಿಗೆ ಹೇಳಿ ಒಂದು ವಾರ ಆಗಿತ್ತಷ್ಟೆ. ಅತ್ತೆಗೆ ಶಿವರಾತ್ರಿಗೆ ಹೇಳೋಣ ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು. ಅತ್ತೆಗೆ ಬಸುರು ತಿಳಿದದ್ದೂ, ಅದು ಹೋದದ್ದು ತಿಳಿದದ್ದೂ ಒಂದೇ ಗಳಿಗೆಯಲ್ಲಿ.

ಫೆಬ್ರವರಿ ೧೭, ಶನಿವಾರ

ಕೆಮ್ಮು. ಕೆಮ್ಮಿದಾಗಲೆಲ್ಲ ದಿಂಬನ್ನು ಹೊಟ್ಟೆಗೆ ಒತ್ತಿಕೊಳ್ಳಬೇಕು. ಸೀನು ಬಂದರೆ ದೇವರೇ ಗತಿ. ಇನ್ನೂ ರಕ್ತ ಹೋಗುತ್ತಿದೆ.

ಒಂದು ಮಾತು ತಲೆಯಲ್ಲಿ ಸುತ್ತುತ್ತಿದೆ, ಬರೆದರೆ ಬಿಟ್ಟೀತು. ಆಪರೇಷನ್ನಾದ ಮಾರನೆ ದಿನ ನನಗೆ ಅರೆಬರೆ ಎಚ್ಚರವಿತ್ತು. ನರ್ಸಮ್ಮ ಬಂದು ಯಜಮಾನರ ಕೈಗೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. ಉಪ್ಪಿನಕಾಯಿ ಹಾಕಿ ಕಳಿಸುವಂಥ ಡಬ್ಬಿ, ಬಿಗಿ ಮುಚ್ಚಳ, ಮೇಲೆ ಪಟ್ಟಿ ಅಂಟಿಸಿ ನನ್ನ ಹೆಸರು. ಒಳಗೆ ನೀರಿನಂಥ ಔಷಧಿಯಲ್ಲಿ ತೆಗೆದ ಟ್ಯೂಬು. ಲ್ಯಾಬಿಗೆ ಕೊಟ್ಟು ಬನ್ನಿ ಅಂದಳು. ಇಲ್ಲೆಲ್ಲ ಹಾಗೆಯೇ, ಕೊಯ್ದು ತೆಗೆದದ್ದನ್ನು ಪರೀಕ್ಷೆಗೆ ಮನೆಯವರೇ ಒಯ್ಯಬೇಕು.

ಇವರು ಅದನ್ನು ಸ್ಯಾಂಪಲ್ ಚೀಲಕ್ಕೆ ಹಾಕಿಕೊಂಡು ಹೋದರು. ಮದ್ರಾಸಿನ ವ್ಯಾಪಾರಿಗಳಿಗೆ ತೋರಿಸಲು ಹಿಡಿ ಹಿಡಿ ಹುಣಸೆಹಣ್ಣು ಹಾಕಿಕೊಂಡು ಹರಾಜಿಗೆ ಹೋಗುವ ಅದೇ ಬಟ್ಟೆಯ ಚೀಲ. ಹೆಗಲಿಗೆ ಏರಿಸಿಕೊಂಡು ಹೊರಟೇಬಿಟ್ಟರು. ಮನುಷ್ಯನಿಗೆ ಅಷ್ಟೂ ತಿಳಿಯಬಾರದೆ! ಬೇರೆ ಒಂದು ಚೀಲ ಸಿಗಲಿಲ್ಲವೆ? ನಿನ್ನೆ ಅದೇ ಚೀಲ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಮುಖ ಆ ಕಡೆ ತಿರುಗಿಸಿ ಮಲಗಿದೆ.

ರಿಪೋರ್ಟ್ ಬಂತಾ ಅಂದೆ. "ಬತ್ತದೆ ಬಿಡು," ಅಂದರು.

ಫೆಬ್ರವರಿ ೨೦, ಮಂಗಳವಾರ

ಧೈರ್ಯ ಮಾಡಿ ಅತ್ತೆಯನ್ನು ಕೇಳಿದೆ, ಯಾಕೆ ಎಲ್ಲರಿಗೂ ಅಪೆಂಡಿಕ್ಸ್ ಅಂತ ಹೇಳ್ತೀರಿ ಅಂತ. ಅವರು ರಾಗಿ ಗಂಜಿಯ ಲೋಟ ನನ್ನ ಕೈಗೆ ಕೊಟ್ಟು ಬಾಗಿಲು ಮುಂದಕ್ಕೆ ಮಾಡಿ ಬಂದರು.

"ಟ್ಯೂಬ್ ತೆಗ್ದವ್ರೆ ಅಂತ ಒಬ್ಳಿಗೆ ಗೊತ್ತಾದ್ರೆ ಸಾಕು ಕಣಮ್ಮ. ನಾಳೆಗೆ ಊರೆಲ್ಲ ನಿನ್ನ ಗೊಡ್ಡು ಅಂತದೆ. ನನ್ಮಗ ನಟರಾಜಂಗೆ ಬ್ಯಾರೆ ಹೆಣ್ಣು ಐತೆ ಅಂತ ಬಾಗ್ಲಿಗೇ ಬತ್ತಾರೆ. ನಂಗೊತ್ತಿಲ್ವಾ ಈ ಜನ! ನಿನ್ನ ಕಾಯಾಕೇ ಹೇಳ್ತಿರಾದು ನಾನು."

"ನಮ್ಮಣ್ಣಂಗೂ ಹಂಗೇ ಹೇಳಿದ್ರಲ್ಲ ಅತ್ತೆ."

"ನಿಮ್ಮಣ್ಣಂಗೆ ಹೆಂಡ್ತಿ ಇಲ್ವಾ? ಆ ಹೆಂಡ್ತೀಗೆ ಬಾಯಿಲ್ವಾ?"

ಗಂಜಿ ಕುಡಿದು ಲೋಟ ಕೆಳಗಿಟ್ಟೆ. ಅತ್ತೆ ಎರ್ರಮ್ಮನವರು ಕೆಟ್ಟವರಲ್ಲ. ದಿನಾ ನನ್ನ ಕಾಲು ಒತ್ತುತ್ತಾರೆ, ನಾನು ಬೇಡ ಅಂದರೂ ಬಿಡುವುದಿಲ್ಲ. ಆದರೆ ಕಾಲು ಒತ್ತುವಾಗಲೂ ಅವರು ಆ ಮಾತು ಎತ್ತುವುದಿಲ್ಲ. ಎತ್ತಿದ್ದರೆ ನಾನು ಅಳುತ್ತಿದ್ದೆನೋ ಏನೋ. ಅಪೆಂಡಿಕ್ಸಿಗೆ ಯಾರು ಅಳುತ್ತಾರೆ.

ಫೆಬ್ರವರಿ ೨೩, ಶುಕ್ರವಾರ

ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು. ಗಾಯ ಚೆನ್ನಾಗಿ ಕೂಡಿದೆಯಂತೆ. ಕಾಗದದ ಮೇಲೆ ಚಿತ್ರ ಬರೆದು, ಇದು ಹೋಯಿತು, ಇದೊಂದು ಉಳಿದಿದೆ, ಇದೂ ಸಾಕು, ಆರು ತಿಂಗಳು ಸುಮ್ಮನಿರಿ ಅಂದರು. ಆಮೇಲೆ "ಬಯಾಪ್ಸಿ ರಿಪೋರ್ಟ್ ಏದಮ್ಮಾ?" ಅಂತ ತೆಲುಗು ಬೆರೆಸಿ ಕೇಳಿದರು. ನಾನು ಇವರ ಮುಖ ನೋಡಿದೆ. ಇವರು ಫ್ಯಾನ್ ನೋಡಿದರು.

"ಲ್ಯಾಬ್‌ನೋರು ಇನ್ನಾ ಕೊಟ್ಟಿಲ್ಲ ಮೇಡಂ."

"ಇಷ್ಟು ಲೇಟಾ? ನಾನೇ ಫೋನ್ ಮಾಡ್ಲಾ?"

"ಬ್ಯಾಡ ಮೇಡಂ, ನಾನೇ ಹೋಯ್ತೀನಿ," ಅಂದರು. ಹರಾಜಿನಲ್ಲಿ ಕರಿಪುಳಿ ಹುಣಸೆಗೆ ಅಷ್ಟು ಗಟ್ಟಿಯಾಗಿ ಬೆಲೆ ಕೂಗುವ ಮನುಷ್ಯನಿಗೆ ಅಲ್ಲಿ ದನಿಯೇ ಹೊರಡಲಿಲ್ಲ.

ಇವರು ಏನೋ ಮುಚ್ಚಿಡುತ್ತಿದ್ದಾರೆ. ರಿಪೋರ್ಟ್ ಬಂದಿದೆ, ಅದರಲ್ಲಿ ಕೆಟ್ಟದ್ದೇನೋ ಇದೆ. ಕ್ಯಾನ್ಸರ್ ಇರಬಹುದು. ಇಲ್ಲವೇ ಉಳಿದದ್ದೂ ಉಪಯೋಗವಿಲ್ಲ ಅಂತ ಇರಬಹುದು. ತಾಯಿ ಮಗ ಇಬ್ಬರಿಗೂ ಗೊತ್ತಿದ್ದು, ನನಗೊಬ್ಬಳಿಗೇ ಹೇಳುತ್ತಿಲ್ಲ. ಸಂಜೆ ಅತ್ತೆ, "ಹುಣಸೆ ಸೀಜನ್ನು ಲೀಲಾ, ಮನೆ ತುಂಬಾ ಜನ, ನಿಂಗೆ ರೆಸ್ಟಾಗಲ್ಲ. ಕಲ್ಯಾಣದುರ್ಗಕ್ಕೆ ನಿಮ್ಮಣ್ಣನ ಮನೆಗೆ ಹೋಗಿ ಸ್ವಲ್ಪ ದಿನ ಇದ್ದು ಬಾ," ಅಂದಾಗ ನನ್ನ ಅನುಮಾನ ಗಟ್ಟಿಯಾಯಿತು.

ಫೆಬ್ರವರಿ ೨೮, ಬುಧವಾರ. ಕಲ್ಯಾಣದುರ್ಗ

ಅಣ್ಣ ಶರಣಬಸವ ಕಾರು ಮಾಡಿಕೊಂಡು ಬಂದು ಕರೆತಂದ. ಪಾವಗಡದಲ್ಲಿ ನಿಲ್ಲಿಸಿ ಎಳನೀರು ಕುಡಿಸಿದ. "ಅಪೆಂಡಿಕ್ಸ್‌ಗೆ ಇಷ್ಟ್ ಸಣ್ಣಗಾಗ್ಬುಟ್ಯಲ್ಲೇ," ಅಂತ ಅವನು ಅಂದಾಗ ನಾನು ಕಿಟಕಿಯಾಚೆ ನೋಡುತ್ತ, ಹೂಂ ಅಂದೆ. ಈಗ ಆ ಸುಳ್ಳು ಅತ್ತೆಯದೊಂದೇ ಅಲ್ಲ.

ಅಮ್ಮ ಹೋಗಿ ನಾಲ್ಕು ವರ್ಷ. ಅಮ್ಮನಿದ್ದಿದ್ದರೆ ಒಂದೇ ನೋಟಕ್ಕೆ ಹಿಡಿಯುತ್ತಿದ್ದಳು. ಅತ್ತಿಗೆ ಬನಶ್ರೀಗೆ ಐದು ತಿಂಗಳ ಕೂಸು, ಅವಳಿಗೆ ಅದನ್ನು ಬಿಟ್ಟು ಇನ್ನೇನೂ ಕಾಣಿಸುವುದಿಲ್ಲ. ಕಾಣಿಸಬಾರದು ಕೂಡ.

ಮಾರ್ಚ್ ೩, ಭಾನುವಾರ

ಬನಶ್ರೀ ಸ್ನಾನಕ್ಕೆ ಹೊರಟವಳು ಪಾಪುವನ್ನು ನನ್ನ ಮಡಿಲಿಗೆ ಹಾಕಿದಳು. "ಒಂದ್ನಿಮಿಷ ಹಿಡ್ಕಳಮ್ಮ, ನೀರು ಹಾಕ್ಕಂಡು ಬಂದ್ಬುಡ್ತೀನಿ." ಅವನು ನೇರವಾಗಿ ಗಾಯದ ಮೇಲೇ ಒದ್ದ. ಕಣ್ಣಲ್ಲಿ ನೀರು ಬಂತು. ಒದೆತಕ್ಕೆ ಬಂದದ್ದು. ಬೊಚ್ಚು ಬಾಯಿ ಬಿಟ್ಟು ನಕ್ಕು ಇನ್ನೊಂದು ಒದ್ದ.

ಹೊಟ್ಟೆಯ ಕೂಸು ಹೋದ ಹೆಂಗಸಿನ ಕೈಗೆ ಹಸುಗೂಸನ್ನು ಕೊಡುವುದಿಲ್ಲ ನಮ್ಮ ಕಡೆ. ದೃಷ್ಟಿ ಅಂತಾರೆ, ನೆರಳು ಅಂತಾರೆ. ಅವಳಿಗೆ ಗೊತ್ತಿದ್ದರೆ ಕೊಡುತ್ತಿರಲಿಲ್ಲ. ನಾನು ಹೇಳಬೇಕಿತ್ತು. ಹೇಳಲಿಲ್ಲ. ಅವಳು ಸ್ನಾನ ಮುಗಿಸಿ ಬಂದು, ತಲೆ ಒರೆಸಿಕೊಂಡು, ಜಡೆ ಹಾಕಿಕೊಂಡು, ಸಾರಿಗೆ ಒಗ್ಗರಣೆ ಹಾಕುವವರೆಗೂ ಅವನನ್ನು ಇಟ್ಟುಕೊಂಡೇ ಇದ್ದೆ.

ಮಾರ್ಚ್ ೬, ಬುಧವಾರ

ಬರೆಯುವಂಥದ್ದೇನಿಲ್ಲ. ಇವರ ಫೋನ್ ಬಂತು. ಊಟ ಆಯ್ತಾ ಅಂದರು. ಆಯ್ತು ಅಂದೆ. ಇಟ್ಟರು.

ಮಾರ್ಚ್ ೮, ಶುಕ್ರವಾರ. ಶಿವರಾತ್ರಿ

ಎದುರುಮನೆಯ ಪೋತಪ್ಪನ ತಾಯಿ ತೀರಿಕೊಂಡು ವಾರವಾಯಿತು. ಅವರ ಮನೆಗೆ ಹಬ್ಬವಿಲ್ಲ, ಮೈಲಿಗೆ. ಒಲೆ ಹಚ್ಚುವಂತಿಲ್ಲ ಅಂತ ಬಂಧುಗಳೇ ಅಡುಗೆ ಮಾಡಿ ತರುತ್ತಾರೆ. ಬೀದಿಯಲ್ಲಿ ಹೋಗುವವರು ಅವರ ಜಗುಲಿಯ ಮುಂದೆ ದನಿ ತಗ್ಗಿಸುತ್ತಾರೆ. ಪೋತಪ್ಪ ಗಡ್ಡ ಬಿಟ್ಟುಕೊಂಡು ಸುಮ್ಮನೆ ಕೂತಿರುತ್ತಾನೆ, ಯಾರೂ ಅವನನ್ನು ಎಬ್ಬಿಸುವುದಿಲ್ಲ.

ನಮ್ಮ ಮಂದಿಗೆ ಸೂತಕವಿಲ್ಲ. ಲಿಂಗ ಕಟ್ಟಿದವರಿಗೆ ಸಾವಿನ ಮೈಲಿಗೆಯೂ ಇಲ್ಲ, ಹೆರಿಗೆಯ ಮೈಲಿಗೆಯೂ ಇಲ್ಲ ಅಂತ ಚಿಕ್ಕಂದಿನಿಂದ ಹೆಮ್ಮೆಯಿಂದ ಹೇಳಿಕೊಂಡು ಬೆಳೆದವಳು ನಾನು. ಇವತ್ತು ಪೋತಪ್ಪನನ್ನು ನೋಡಿ ಹೊಟ್ಟೆಕಿಚ್ಚಾಯಿತು. ಯಾರಾದರೂ ಹತ್ತು ದಿನ ನನ್ನ ಮುಂದೆಯೂ ದನಿ ತಗ್ಗಿಸಬಾರದೆ. ಇವಳ ಮನೆಯಲ್ಲಿ ಒಂದು ಹೋಗಿದೆ ಅಂತ ಬೀದಿಗೆ ಗೊತ್ತಾಗಬಾರದೆ.

ಸಂಜೆ ಪೂಜೆಗೆ ಕೂತಾಗ ಬನಶ್ರೀ ತನ್ನ ಬಸುರಿನ ಕತೆ ತೆಗೆದಳು. ಎಂಟನೇ ತಿಂಗಳಲ್ಲಿ ಅಯ್ಯನವರು ಬಂದು ಹೊಟ್ಟೆಯೊಳಗಿನ ಕೂಸಿಗೆ ಅಂತ ಲಿಂಗ ಕೊಟ್ಟು ಅವಳ ಕೊರಳಿಗೇ ಕಟ್ಟಿದ್ದರಂತೆ. "ಎಲ್ಡ್ ಲಿಂಗ ಕಟ್ಕಂಡು ಓಡಾಡ್ತಿದ್ದೆ ಕಣಮ್ಮ!" ಅಂತ ನಕ್ಕಳು. ನಾನೂ ನಕ್ಕೆ. ನನ್ನ ಲಿಂಗವನ್ನು ಅಂಗೈಯಲ್ಲಿಟ್ಟು ನೋಡುತ್ತ ಕೂತೆ. ಎಂಟನೇ ತಿಂಗಳು ಮುಟ್ಟದೇ ಹೋದದ್ದಕ್ಕೆ ಏನಿದೆ ನಮ್ಮಲ್ಲಿ? ಏನೂ ಇಲ್ಲ. ಹೆಸರಿಲ್ಲ, ಲಿಂಗವಿಲ್ಲ, ಸೂತಕವಿಲ್ಲ, ಡಬ್ಬಿಯೊಂದು ಇತ್ತು.

ಮಾರ್ಚ್ ೧೩, ಬುಧವಾರ

ಬೆಳಗ್ಗೆ ಎರಡು ಬಿಂದಿಗೆ ನೀರು ಹಿಡಿದಿಟ್ಟು, ಬಸ್ ಸ್ಟ್ಯಾಂಡಿನ ಹತ್ತಿರದ ಲ್ಯಾಬಿಗೆ ನಡೆದುಹೋಗಿ ರಕ್ತ ಕೊಟ್ಟು ಬಂದೆ. ಬಸುರಿದ್ದಾಗ ರಕ್ತದಲ್ಲಿ ಏರುವ ಒಂದು ಹಾರ್ಮೋನ್ ಇದೆಯಂತೆ, ಅದು ಸೊನ್ನೆಗೆ ಇಳಿಯುವ ತನಕ ಪರೀಕ್ಷೆ ಮಾಡಿಸುತ್ತಿರಬೇಕು. ಇಳಿದಿದೆ, ಇನ್ನೂ ಸೊನ್ನೆಯಾಗಿಲ್ಲ ಅಂತ ಮಧ್ಯಾಹ್ನ ಲ್ಯಾಬಿನವರು ಫೋನಿನಲ್ಲಿ ಹೇಳಿದರು. ಎಲ್ಲರೂ ಮರೆತರೂ ನನ್ನ ರಕ್ತ ಇನ್ನೂ ಬಸುರಿಯೇ ಅಂತ ತಿಳಿದುಕೊಂಡಿದೆ. ಇದನ್ನು ಕೇಳಿ ನನಗೆ ದುಃಖವಾಗಬೇಕಿತ್ತು. ಯಾಕೋ ಸ್ವಲ್ಪ ಸಮಾಧಾನವಾಯಿತು.

ಆ ಧೈರ್ಯದಲ್ಲೇ ಹಿಂದೂಪುರದ ಲ್ಯಾಬಿನ ನಂಬರು ಹುಡುಕಿ ಫೋನ್ ಮಾಡಿದೆ. ಫೋನೆತ್ತಿದ ಹುಡುಗಿ ನನ್ನ ಹೆಸರು ಕೇಳಿ, ತಾರೀಖು ಕೇಳಿ, ಕಂಪ್ಯೂಟರಿನಲ್ಲಿ ನೋಡಿದಳು. "ಶಿವಲೀಲಾ ಅಂತ ಯಾವ್ ಸ್ಯಾಂಪಲ್ಲೂ ಬಂದಿಲ್ಲ ಮೇಡಂ." ಇನ್ನೊಮ್ಮೆ ನೋಡಿ ಅಂದೆ. ನೋಡಿದಳು. ಬಂದಿಲ್ಲ.

ಮಾರ್ಚ್ ೧೪, ಗುರುವಾರ

ಬಿಸಾಕಿದ್ದಾರೆ.

ಲ್ಯಾಬಿಗೆ ಹೋಗಲು ಸಮಯ ಸಿಗಲಿಲ್ಲ, ಹರಾಜಿಗೆ ಹೊತ್ತಾಯಿತು, ಎಲ್ಲೋ ಬಿಸಾಕಿದ್ದಾರೆ. ಮಾರ್ಕೆಟ್ ಯಾರ್ಡಿನ ಹಿಂದಿನ ಚರಂಡಿಯಿದೆ. ಮುನಿಸಿಪಾಲಿಟಿಯವರು ಕಸ ಗುಡ್ಡೆ ಹಾಕುವ ಜಾಗವಿದೆ, ಅಲ್ಲಿ ಹಂದಿಗಳಿರುತ್ತವೆ. ಇದನ್ನು ಬರೆಯಬಾರದಿತ್ತು.

ಫೋನ್ ಬಂತು. ಎತ್ತಲಿಲ್ಲ. ಮತ್ತೆ ಬಂತು. ಎತ್ತಲಿಲ್ಲ. ಪಾಪು ಅಳುತ್ತಿದ್ದ, ಎತ್ತಿಕೊಂಡು ಹಿತ್ತಲಿಗೆ ಹೋದೆ. ಇಬ್ಬರೂ ಅತ್ತೆವು.

ಮಾರ್ಚ್ ೧೭, ಭಾನುವಾರ

ಫೋನ್ ಎತ್ತದ್ದಕ್ಕೆ ಹೆದರಿ ಇವರೇ ಬಂದರು. ಮೊದಲ ಬಸ್ಸು ಹಿಡಿದು ಬಂದರಂತೆ, ಅಣ್ಣನಿಗೆ ಅಂತ ಕರಿಪುಳಿಯ ಒಂದು ಗಂಟು ಕೈಯಲ್ಲಿ. ಕಾಫಿ ಕುಡಿದ ಮೇಲೆ ಹಿತ್ತಲಿಗೆ ಕರೆದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಾನು ಕೂತೆ, ಅವರು ನಿಂತರು.

"ಲ್ಯಾಬಿಗೆ ಫೋನ್ ಮಾಡಿದ್ದೆ," ಅಂದೆ.

ಅವರು ಚಪ್ಪಲಿ ನೋಡಿಕೊಂಡರು. "ಕೊಡ್ಲಿಲ್ಲ ಲೀಲಾ."

"ಎಲ್ಲಿ ಬಿಸಾಕಿದ್ರಿ?"

"ಬಿಸಾಕಾದಾ?" ಅಂದರು. ಅಷ್ಟು ನೊಂದ ಮುಖವನ್ನು ನಾನು ಮದುವೆಯಾದಾಗಿನಿಂದ ನೋಡಿರಲಿಲ್ಲ. "ಮಣ್ ಮಾಡ್ದೆ ಕಣೇ."

ಆಮೇಲೆ ತಡೆದು ತಡೆದು ಹೇಳಿದರು. "ಲ್ಯಾಬ್ ತಂಕ ಹೋದೆ. ಏನ್ ಮಾಡ್ತೀರಿ ಇದನ್ನ ಅಂತ ಕೇಳ್ದೆ. ತೆಳ್ಳಗೆ ಪೀಸ್ ಮಾಡಿ ಗಾಜಿನ ಮ್ಯಾಲಿಟ್ಟು ನೋಡ್ತೀವಿ, ಉಳಿದಿದ್ದು ಆಮ್ಯಾಕೆ ಸುಟ್ಟಾಕ್ತಾರೆ ಅಂದ ಅಲ್ಲಿರೋನು. ನಮ್ಮೋರ್ನ ಯಾರಾದ್ರೂ ಸುಡ್ತಾರಾ ಲೀಲಾ? ಕೊಡಾಕೆ ಕೈ ಬರ್ಲಿಲ್ಲ. ಹಂಗೇ ಬಂದ್ಬುಟ್ಟೆ. ಅಂಗ್ಡಿಯಿಂದ ಹಾರೆ ತಗಂಡು ನಮ್ಮ ಸ್ಮಶಾಣಕ್ಕೋದೆ. ಅಪ್ಪನ ಪಕ್ಕದಾಗೆ ತೋಡ್ದೆ. ಈಬೂತಿ ಇಟ್ಟೆ. ಅಯ್ನೋರ್ನ ಕರೆಯಾನ ಅಂದ್ರೆ ಯಾರು ಹೋದ್ರು ಅಂತ ಹೇಳಿ ಕರೀಲಿ?"

ಮಾವ ಸೋಮಶೇಖರಪ್ಪನವರು ಹೋಗಿ ಎರಡು ವರ್ಷ. ಅವರ ಪಕ್ಕದಲ್ಲಿ. ನಾನು ಏನು ಹೇಳಬೇಕಿತ್ತೋ ಗೊತ್ತಿಲ್ಲ. ಬಾಯಿಗೆ ಬಂದದ್ದು ಬೈಗುಳ.

"ನನ್ನ ಬಿಟ್ಟು ಮಾಡಿದ್ರಾ?"

"ನೀನು ಬೆಡ್ ಮ್ಯಾಲಿದ್ದೆ."

"ಆಮೇಲೆ? ಮನೆಗ್ ಬಂದ್ಮೇಲೆ ಬಾಯಿ ಬಿದ್ದೋಗಿತ್ತಾ?"

"ಹೇಳಾನ ಅಂತ ದಿನಾ ಬತ್ತಿದ್ದೆ. ರಿಪೋರ್ಟ್ ಇಲ್ದೆ ನಿಂಗೇನಾದ್ರೂ ಆಗ್ಬುಟ್ರೆ, ನನ್ನಿಂದ ಅಂತ ಆಯ್ತದಲ್ಲ ಅಂತ ಭಯ ಆಗಾದು. ಮತ್ತೆ ಹರಾಜ್ ಮುಗಿಸ್ಕಂಡು ಅಲ್ಲಿಗೋಗಿ ಒಂದ್ ಗಳಿಗೆ ಕೂತು ಬತ್ತಿದ್ದೆ."

ಇದನ್ನು ಕೇಳಿದ ಮೇಲೆ ನನಗೆ ಸಿಟ್ಟು ನೆತ್ತಿಗೇರಿತು. ಇವರಿಗೆ ಹೋಗಿ ಕೂರಲು ಒಂದು ಜಾಗವಿತ್ತು. ನಾನು ಇಲ್ಲಿ ಪೋತಪ್ಪನ ಜಗುಲಿ ನೋಡಿಕೊಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದಾಗ, ಇವರು ಮಗುವಿನ ಪಕ್ಕದಲ್ಲಿ ಕೂತಿರುತ್ತಿದ್ದರು. ಊಟ ಆಯ್ತಾ ಅಂತ ಕೇಳಿದ ದಿನವೂ ಅಲ್ಲಿಂದಲೇ ಬಂದಿದ್ದರೋ ಏನೋ. ಹೋಗಿ ಅಂದೆ. ಸಂಜೆ ಬಸ್ಸಿಗೆ ಹೋದರು. ಅವರು ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತಿದ್ದೆ. ಕರೆಯಲಿಲ್ಲ.

ಮಾರ್ಚ್ ೧೯, ಮಂಗಳವಾರ

ನಿನ್ನೆ ಬನಶ್ರೀಗೆ ಎಲ್ಲ ಹೇಳಿಬಿಟ್ಟೆ. ಅಪೆಂಡಿಕ್ಸ್ ಅಲ್ಲ, ಮಗು ಹೋಯಿತು ಅಂದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ಹಾಗೇ ಕೈಬಿಟ್ಟು ನನ್ನನ್ನು ತಬ್ಬಿಕೊಂಡಳು. "ಅಯ್ಯೋ, ಬಾಣಂತೀನ ಹಂಗೇ ಬಿಟ್ಬುಟ್ವಲ್ಲಮ್ಮ," ಅಂತ ಅತ್ತಳು. ಇವತ್ತು ಬೆಳಗ್ಗೆ ಹಂಡೆ ತುಂಬ ನೀರು ಕಾಯಿಸಿ, ತಲೆಗೆ ಎಣ್ಣೆಯಿಟ್ಟು, ಬೆನ್ನ ಮೇಲೆ ಬಿಸಿ ಬಿಸಿ ನೀರು ಎರೆದಳು. ಕಿವಿಗೆ ಹತ್ತಿಯಿಟ್ಟು ತಲೆಗೆ ಬಟ್ಟೆ ಕಟ್ಟಿದಳು, ಬಾಣಂತಿಗೆ ಕಟ್ಟುವಂತೆ. ತಡವಾದರೂ ಮೈಗೆ ಗೊತ್ತಾಯಿತು. ಮಧ್ಯಾಹ್ನದವರೆಗೆ ಎಚ್ಚರವಿಲ್ಲದೆ ನಿದ್ದೆ ಮಾಡಿದೆ.

ಎದ್ದಾಗ ಪಾಪುವಿನ ದನಿ ಒಳಕೋಣೆಯಿಂದ ಕೇಳಿಸುತ್ತಿತ್ತು. ಬಾಗಿಲು ಮುಂದಕ್ಕೆ ಹಾಕಿತ್ತು. ಸಂಜೆಯವರೆಗೂ ಅವಳು ಅವನನ್ನು ನನ್ನ ಮಡಿಲಿಗೆ ಹಾಕಲಿಲ್ಲ. ಸ್ನಾನಕ್ಕೆ ಹೋಗುವಾಗಲೂ ತೊಟ್ಟಿಲಲ್ಲಿ ಮಲಗಿಸಿ, ಅಣ್ಣನನ್ನು ಕರೆದು ಕೂರಿಸಿ ಹೋದಳು. ನನಗೆ ನೋವಾಗುತ್ತದೆ ಅಂತಲೋ, ಅವನಿಗೆ ಏನಾದರೂ ಆಗುತ್ತದೆ ಅಂತಲೋ, ಅವಳಿಗೇ ಗೊತ್ತಿರಲಿಕ್ಕಿಲ್ಲ. ಅಪೆಂಡಿಕ್ಸ್ ಆಗಿದ್ದವಳು ಕೂಸನ್ನು ಎತ್ತಿಕೊಳ್ಳಬಹುದಿತ್ತು.

ಆದರೂ ಹೇಳಿದ್ದಕ್ಕೆ ಬೇಜಾರಿಲ್ಲ. ಇವರಿಗೆ ಫೋನ್ ಮಾಡಿ, ಶನಿವಾರ ಬರುತ್ತೇನೆ, ನನಗೆ ಆ ಜಾಗ ತೋರಿಸಬೇಕು ಅಂದೆ.

ಮಾರ್ಚ್ ೨೩, ಶನಿವಾರ. ಹಿಂದೂಪುರ

ಬಸ್ಸಿನಲ್ಲೇ ಬಂದೆ, ಒಬ್ಬಳೇ. ಇವರನ್ನು ಬಸ್ ಸ್ಟ್ಯಾಂಡಿಗೇ ಬರಹೇಳಿ ಮೊದಲು ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ರಿಪೋರ್ಟ್ ಬರುವುದಿಲ್ಲ ಅಂತ ಇವರೇ ಒಪ್ಪಿಕೊಂಡರು. ಸರಿಯಾಗಿ ಬೈಸಿಕೊಂಡರು. ಸೊನ್ನೆ ಬರುವ ತನಕ ವಾರವಾರವೂ ರಕ್ತ ಕೊಡಬೇಕಾದ್ದು ನಾನು. ಕೊಡುತ್ತೇನೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರಿಗೂ ಗೊತ್ತಿರಲಿಲ್ಲ. ಗೋಡೆ ಹಿಡಿದುಕೊಂಡು ನಿಧಾನ ಕೂತರು.

"ನಿಮ್ಮಾವ್ನ ಪಕ್ಕದಾಗಾ?" ಅಂದರು. ಆಮೇಲೆ, "ಒಬ್ನೇ ಹೋಗಿದ್ನಾ?" ಅಂದರು.

ಮಾರ್ಚ್ ೨೫, ಸೋಮವಾರ

ನಿನ್ನೆ ಬೆಳಗ್ಗೆ ಬಿಸಿಲು ಏರುವ ಮೊದಲು ಹೋದೆವು. ಅತ್ತೆ ನಾನೂ ಬತ್ತೀನಿ ಅಂದರು. ಹೊರಡುವಾಗ ಕಲ್ಯಾಣಿ ಬಾಗಿಲಲ್ಲಿ ಸಿಕ್ಕಿ, ಇಷ್ಟು ಬೆಳಗ್ಗೆ ಎಲ್ಲಿಗೆ ಅಂದಳು. ಅತ್ತೆ ನನ್ನ ಮುಖ ನೋಡಿದರು. "ನಮ್ಮ ಕೂಸಿನ್ ಹತ್ರ ಕಣಮ್ಮ," ಅಂದರು. ಕಲ್ಯಾಣಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ನಾವೂ ನಿಲ್ಲಲಿಲ್ಲ.

ಸ್ಮಶಾನದ ಗೇಟಿನ ಒಳಗೆ ಕಾಲಿಟ್ಟ ತಕ್ಷಣ ಇವರು ಗಕ್ಕನೆ ನಿಂತರು. ಹೋದ ವಾರ ಜೆಸಿಬಿ ತರಿಸಿ ಸೀಮೆಜಾಲಿ ಗಿಡಗಳನ್ನೆಲ್ಲ ಕೀಳಿಸಿದ್ದಾರೆ. ಕಟ್ಟಿಸಿದ ಸಮಾಧಿಗಳಷ್ಟೇ ನಿಂತಿವೆ, ಉಳಿದ ನೆಲವೆಲ್ಲ ಮಟ್ಟ, ಹೊಸ ಕೆಂಪು ಮಣ್ಣು. ಮಾವನ ಸಮಾಧಿಯ 'ಸೋಮಶೇಖರಪ್ಪ' ಅನ್ನುವ ಹೆಸರಿನ ಮೇಲೂ ಧೂಳು.

"ಇಲ್ಲೊಂದ್ ಕಲ್ಲಿಟ್ಟಿದ್ದೆ," ಅಂತ ಇವರು ಬಲಗಡೆ ಹೋದರು. ಅಲ್ಲಿರಲಿಲ್ಲ. "ಇಲ್ಲಲ್ಲ, ಕಾಲ್ ಕಡೀಕೆ," ಅಂತ ಈ ಕಡೆ ಬಂದರು. ಕೂತು ಕೈಯಿಂದ ಮಣ್ಣು ಸರಿಸಿದರು. ಎದ್ದರು, ಎರಡು ಹೆಜ್ಜೆ ಇಟ್ಟು ಮತ್ತೆ ಕೂತರು. ಹದಿನೈದು ದಿನದ ಹಿಂದೆ ಕೂಡ ಬಂದು ಕೂತಿದ್ದೆ ಅಂತ ನನಗೂ ಅತ್ತೆಗೂ ಹೇಳುತ್ತಲೇ ಹುಡುಕಿದರು. ಕೊನೆಗೆ ಎರಡೂ ಕೈ ಮಣ್ಣಾಗಿ, ಮಂಡಿಯೂರಿ, "ತಪ್ಪಾಯ್ತು ಲೀಲಾ, ಗುರ್ತು ಸಿಕ್ತಿಲ್ಲ. ಅದನ್ನೂ ಕಳ್ದುಬುಟ್ಟೆ," ಅಂತ ಬಿಕ್ಕಿ ಬಿಕ್ಕಿ ಅತ್ತರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ನಾನು ಅವತ್ತಿನಿಂದ ಕೂಡಿಟ್ಟುಕೊಂಡ ಬೈಗುಳವೆಲ್ಲ ಅಲ್ಲಿ ಬೈಯಬೇಕು ಅಂತಲೇ ಬಂದಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಅದೆಲ್ಲಿದೆ ಅಂತ ನನಗಾದರೂ ಹೇಗೆ ಗೊತ್ತಾಗಬೇಕು. ಚಪ್ಪಲಿ ಬಿಟ್ಟು, ಮಾವನ ಸಮಾಧಿಯ ಎಡಪಕ್ಕಕ್ಕೆ ನಡೆದು, ಬೇಲಿಯ ಬೇವಿನ ನೆರಳು ಬೀಳುವ ಕಡೆ ನೆಲದ ಮೇಲೆ ಕೂತುಬಿಟ್ಟೆ.

"ಇಲ್ಲೇ," ಅಂದೆ.

ಇವರು ಕಣ್ಣೊರೆಸಿಕೊಂಡು ನೋಡಿದರು. "ನಿಂಗೆಂಗ್ ಗೊತ್ತು? ಅವತ್ತು ನೀನ್ ಬಂದೇ ಇರ್ಲಿಲ್ಲ."

"ನಾನು ಅದರ ತಾಯಿ," ಅಂದೆ. "ಇಲ್ಲೇ ಅಂದ್ರೆ ಇಲ್ಲೇ."

ಅತ್ತೆ ಮೊದಲು ಬಂದರು. ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು ಮಣ್ಣಿನ ಮೇಲೆ ಮೂರು ಗೆರೆ ಎಳೆದರು. ಇವರು ನಿಂತೇ ಇದ್ದರು, ಆ ಬಲಗಡೆಯ ಜಾಗವನ್ನು ಇನ್ನೊಂದು ಸಲ ತಿರುಗಿ ನೋಡಿದರು. ಆಮೇಲೆ ಬಂದು ನನ್ನ ಪಕ್ಕದಲ್ಲಿ ಕೂತರು.